ಬೆಳದಿಂಗಳನ್ನು ಬಣ್ಣದಲ್ಲಿ ಹಿಡಿದ ಕುಯಿಂಜಿ

1880ನೇ ಇಸವಿ. ಸೇಂಟ್ ಪೀಟರ್ಸ್‌ಬರ್ಗ್ ನಗರದ ಕಲಾ ಪ್ರೋತ್ಸಾಹ ಸಂಘದ ಕಟ್ಟಡದ ಮುಂದೆ ಜನವೋ ಜನ. ಸಾರೋಟುಗಳು ಬೀದಿಯುದ್ದಕ್ಕೂ ಸಾಲುಗಟ್ಟಿ ನಿಂತಿದ್ದವು. ಅಷ್ಟೂ ಜನ ಕಾದದ್ದು ಒಂದೇ ಒಂದು ಚಿತ್ರಕ್ಕಾಗಿ. ಒಳಗಿನ ಸಭಾಂಗಣದ ಕಿಟಕಿಗಳಿಗೆಲ್ಲ ದಪ್ಪ ಪರದೆ ಇಳಿಬಿಟ್ಟು ಕತ್ತಲೆ ಮಾಡಿದ್ದರು. ಚಿತ್ರದ ಮೇಲೆ ಮಾತ್ರ ದೀಪದ ಒಂದು ಕಿರಣ. ಆ ಕತ್ತಲೆಯಲ್ಲಿ ಗೋಡೆಯ ಮೇಲೆ ಹಸಿರು ಮಿಶ್ರಿತ ಬೆಳದಿಂಗಳು ಹೊಳೆಯುತ್ತಿತ್ತು. ನೋಡಿದವರಿಗೆ ಕಣ್ಣನ್ನು ನಂಬಲಾಗಲಿಲ್ಲ. ಕೆಲವರು ಚಿತ್ರದ ಹಿಂದಕ್ಕೆ ಇಣುಕಿ, ಅಲ್ಲೆಲ್ಲಾದರೂ ದೀಪ ಅಡಗಿಸಿ ಇಟ್ಟಿದ್ದಾರೆಯೇ ಎಂದು ಹುಡುಕಿದರು. ಅಲ್ಲಿ ಏನೂ ಇರಲಿಲ್ಲ. ಬಟ್ಟೆ, ಎಣ್ಣೆ, ಬಣ್ಣ, ಅಷ್ಟೇ.

ಆ ಚಿತ್ರದ ಹೆಸರು 'ನೀಪರ್ ನದಿಯ ಮೇಲೆ ಬೆಳದಿಂಗಳ ರಾತ್ರಿ'. ರಚಿಸಿದವನು ಅರ್ಖಿಪ್ ಕುಯಿಂಜಿ. ಉಕ್ರೇನಿನ ನದಿ, ಬಯಲು, ಸುಣ್ಣ ಬಳಿದ ಗುಡಿಸಲು, ಮಳೆಯಲ್ಲಿ ಕೆಸರಾದ ದಾರಿ, ಇವನ್ನು ಯುರೋಪಿನ ಕಲಾಪ್ರಪಂಚದ ಮುಂದಿಟ್ಟ ವಾಸ್ತವವಾದಿ ನಿಸರ್ಗ ಚಿತ್ರಕಾರ. ಆತನ ಬದುಕೂ ಆತನ ಚಿತ್ರಗಳಷ್ಟೇ ಬೆಳಕು ನೆರಳುಗಳಿಂದ ಕೂಡಿದ್ದು.

ಕುಯಿಂಜಿ ಹುಟ್ಟಿದ್ದು ಅಜೋವ್ ಸಮುದ್ರದ ದಡದ ಮರಿಯುಪೋಲ್ ಪಟ್ಟಣದಲ್ಲಿ, ಬಹುತೇಕ 1842ರಲ್ಲಿ. ಮನೆತನ ಗ್ರೀಕರದು, ಆದರೆ ಮನೆಮಾತು ಟರ್ಕಿ ಭಾಷೆಗೆ ಹತ್ತಿರದ್ದು. 'ಕುಯಿಂಜಿ' ಎಂಬುದಕ್ಕೆ ಆ ಮಾತಿನಲ್ಲಿ ಅಕ್ಕಸಾಲಿ ಎಂದರ್ಥ. ಹೆಸರು ಅಕ್ಕಸಾಲಿಯದಾದರೂ ತಂದೆ ಚಪ್ಪಲಿ ಹೊಲಿಯುವ ಬಡವ. ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ನೆಂಟರ ಆಸರೆಯಲ್ಲಿ ಬೆಳೆದ ಹುಡುಗ ಬಾತುಗಳನ್ನು ಕಾದ, ಚರ್ಚ್ ಕಟ್ಟುತ್ತಿದ್ದ ಗುತ್ತಿಗೆದಾರನ ಬಳಿ ಇಟ್ಟಿಗೆಯ ಲೆಕ್ಕ ಬರೆದ, ಧಾನ್ಯದ ವ್ಯಾಪಾರಿಯೊಬ್ಬನ ಮನೆಯಲ್ಲಿ ಕೆಲಸಕ್ಕಿದ್ದ. ಲೆಕ್ಕದ ಪುಸ್ತಕದಲ್ಲೂ ಗೋಡೆಯ ಮೇಲೂ ಚಿತ್ರ ಗೀಚುವ ಚಟ ಮಾತ್ರ ಬಿಡಲಿಲ್ಲ.

ಯಾರೋ ಹೇಳಿದರೆಂದು ಆತ ಕ್ರೈಮಿಯಾದ ಫಿಯೊದೋಸಿಯಾಕ್ಕೆ ಹೋದದ್ದು 1855ರಲ್ಲಿ. ಕಡಲಿನ ಚಿತ್ರಗಳಿಗೆ ಹೆಸರಾದ ಐವಜೋವ್‌ಸ್ಕಿ ಅಲ್ಲಿದ್ದ. ಮಹಾ ಕಲಾವಿದನ ಬಳಿ ಹುಡುಗನಿಗೆ ಸಿಕ್ಕಿದ್ದು ಬಣ್ಣ ಅರೆಯುವ ಕೆಲಸ ಮತ್ತು ಬೇಲಿಗೆ ಬಣ್ಣ ಬಳಿಯುವ ಕೆಲಸ ಎನ್ನುತ್ತಾರೆ. ಅಲ್ಲಿ ಒಂದಿಷ್ಟಾದರೂ ಹೇಳಿಕೊಟ್ಟವನು ಐವಜೋವ್‌ಸ್ಕಿಯ ಚಿತ್ರಗಳನ್ನು ನಕಲು ಮಾಡುತ್ತಿದ್ದ ಫೆಸ್ಲರ್ ಎಂಬ ಶಿಷ್ಯ. ಅನಂತರದ ವರ್ಷಗಳು ಫೋಟೋ ಸ್ಟುಡಿಯೋಗಳಲ್ಲಿ ಕಳೆದವು. ಫೋಟೋಗಳನ್ನು ಕುಂಚದಿಂದ ತಿದ್ದಿ ಚೆಂದಗೊಳಿಸುವ ರಿಟಚಿಂಗ್ ಕೆಲಸ. ಕಪ್ಪು ಬಿಳುಪಿನ ಸೂಕ್ಷ್ಮ ಅಂತರಗಳನ್ನು ದಿನವಿಡೀ ನೋಡುವ ಈ ಕಸುಬೇ ಮುಂದಿನ ಬೆಳಕಿನ ಪವಾಡಕ್ಕೆ ಮೊದಲ ಪಾಠವಾಗಿರಬಹುದು. ಪೀಟರ್ಸ್‌ಬರ್ಗಿನ ಕಲಾ ಅಕಾಡೆಮಿಯ ಪ್ರವೇಶ ಪರೀಕ್ಷೆಯಲ್ಲಿ ಆತ ಫೇಲಾದ. ಕೊನೆಗೆ 1868ರಲ್ಲಿ ಹೊರಗಿನ ವಿದ್ಯಾರ್ಥಿಯಾಗಿ ಕುಳಿತು ಪಾಠ ಕೇಳಲು ಅನುಮತಿ ಸಿಕ್ಕಿತು.

ಆ ಕಾಲಕ್ಕೆ ಅಕಾಡೆಮಿಯ ಕಟ್ಟುಪಾಡಿಗೆ ಬೇಸತ್ತ ಕಲಾವಿದರು 'ಪೆರೆದ್ವಿಜ್ನಿಕಿ' ಎಂಬ ಸಂಘ ಕಟ್ಟಿಕೊಂಡಿದ್ದರು. ಸಂಚಾರಿಗಳು ಎಂದು ಅದರ ಅರ್ಥ. ಚಿತ್ರಗಳನ್ನು ಊರಿಂದೂರಿಗೆ ಒಯ್ದು ಜನರಿಗೆ ತೋರಿಸುವುದು, ರೈತನ ಬಡತನ, ಹಳ್ಳಿಯ ದುಃಖ ಇವನ್ನು ಇದ್ದಂತೆ ಬಿಡಿಸುವುದು ಅವರ ಗುರಿ. ಕುಯಿಂಜಿ ಇವರೊಡನೆ ಸೇರಿದ. 1874ರ 'ಮರೆತ ಹಳ್ಳಿ' ಬೂದು ಬಣ್ಣದ, ಉಸಿರುಗಟ್ಟಿಸುವ ಚಿತ್ರ. ಮರುವರ್ಷದ 'ಮರಿಯುಪೋಲಿನ ಚುಮಾಕರ ದಾರಿ' ಸ್ವಂತ ಊರಿನದು. ಚುಮಾಕರೆಂದರೆ ಎತ್ತಿನ ಗಾಡಿಗಳಲ್ಲಿ ಕ್ರೈಮಿಯಾದಿಂದ ಉಪ್ಪು ಹೇರಿಕೊಂಡು ಬರುತ್ತಿದ್ದ ಉಕ್ರೇನಿನ ವರ್ತಕರು. ಮಳೆ, ಕೆಸರು, ಹೂತ ಗಾಲಿಗಳು, ತೋಯ್ದ ಎತ್ತುಗಳು. ಗಾಡಿ ಹೊಡೆದು ಗೊತ್ತಿದ್ದವರಿಗೆ ಈ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಮರುಕ ಹುಟ್ಟಿಸುವುದು ಕುಯಿಂಜಿಯ ದಾರಿಯಾಗಿರಲಿಲ್ಲ. 1876ರ 'ಉಕ್ರೇನಿನ ರಾತ್ರಿ'ಯಲ್ಲಿ ಆ ದಾರಿ ಕಾಣಿಸಿತು. ದಿಬ್ಬದ ಮೇಲೆ ಕೆಲವು ಗುಡಿಸಲು, ಅವುಗಳ ಬಿಳಿ ಗೋಡೆಗೆ ಬಿದ್ದ ಬೆಳದಿಂಗಳು, ಉಳಿದದ್ದೆಲ್ಲ ಕಡುನೀಲಿ ಕತ್ತಲೆ. ಬಡತನದ ಗುಡಿಸಲು ಅದೇ. ಆದರೆ ನೋಡುವವನ ಮನಸ್ಸಿನಲ್ಲಿ ಉಳಿಯುವುದು ಬಡತನವಲ್ಲ, ಆ ರಾತ್ರಿ. 1878ರಲ್ಲಿ ಈ ಚಿತ್ರ ಪ್ಯಾರಿಸ್ಸಿನ ವಿಶ್ವ ಪ್ರದರ್ಶನಕ್ಕೂ ಹೋಯಿತು.

1879ರ 'ಬರ್ಚ್ ತೋಪು' ಇನ್ನೂ ಧೈರ್ಯದ್ದು. ಬರ್ಚ್ ಎಂದರೆ ಬಿಳಿ ತೊಗಟೆಯ ಮರ. ಕುಯಿಂಜಿ ಆ ಮರಗಳ ತಲೆಯನ್ನೇ ಬಿಡಿಸಲಿಲ್ಲ. ಚೌಕಟ್ಟಿನ ಮೇಲಂಚು ಕೊಂಬೆಗಳನ್ನು ಕತ್ತರಿಸಿ ಹಾಕಿದೆ. ಮುಂದುಗಡೆ ನೆರಳು, ನಡುವೆ ಬಿಸಿಲು ಬಿದ್ದ ಹುಲ್ಲು, ಹಿಂದೆ ಹಸಿರಿನ ಗೋಡೆ. ಎಲೆ ಎಲೆಯನ್ನೂ ಎಣಿಸಿ ಬರೆಯುವ ಅಂದಿನ ಪದ್ಧತಿಗೆ ಇದು ತೀರ ಒರಟು. ಬೇಕಾದ್ದನ್ನು ಇಟ್ಟು ಬೇಡದ್ದನ್ನು ಬಿಡುವುದರಲ್ಲೇ ಆತನ ಶೈಲಿ ಇದೆ. ವಾಸ್ತವವಾದಿ ಎಂದು ಕರೆದರೂ ಕಣ್ಣಿಗೆ ಕಂಡದ್ದನ್ನೆಲ್ಲ ತುಂಬುವ ವಾಸ್ತವವಾದ ಅದಲ್ಲ.

ಹಾಗಾದರೆ 'ಬೆಳದಿಂಗಳ ರಾತ್ರಿ'ಯ ಗುಟ್ಟೇನು? ಚಿತ್ರದ ಅಗಲ ಒಂದೂವರೆ ಮೀಟರೂ ಇಲ್ಲ. ನೆಲ ತೀರ ಕೆಳಗೆ, ಉಳಿದದ್ದೆಲ್ಲ ಆಕಾಶ. ಮೋಡಗಳ ನಡುವೆ ಚಂದ್ರ, ಕೆಳಗೆ ಹಸಿರು ಹೊಳಪಿನ ಪಟ್ಟಿಯಾಗಿ ಮಲಗಿರುವ ನದಿ, ದಡದಲ್ಲಿ ಕಂಡೂ ಕಾಣದ ಗುಡಿಸಲುಗಳು, ಒಂದು ಕಿಟಕಿಯಲ್ಲಿ ಕೆಂಪಾದ ದೀಪ. ನೆಲದ ಕತ್ತಲೆಗೆ ಆತ ಬಳಸಿದ್ದು ಕೆಂಪು ಕಂದು ಛಾಯೆಯ ಬೆಚ್ಚನೆಯ ಬಣ್ಣ. ನೀರಿಗೂ ಚಂದ್ರನಿಗೂ ಹಸಿರು, ಬೆಳ್ಳಿ ಛಾಯೆಯ ತಣ್ಣನೆಯ ಬಣ್ಣ. ಎರಡೂ ಒಂದನ್ನೊಂದು ಎತ್ತಿ ತೋರಿಸುತ್ತವೆ. ಸುತ್ತಲಿನ ಕತ್ತಲೆ ಅಷ್ಟು ವಿಶಾಲವಾಗಿರುವುದರಿಂದಲೇ ಒಂದಿಷ್ಟು ಬೆಳಕು ಅಷ್ಟೊಂದು ಬೆಳಕಾಗಿ ಕಾಣುತ್ತದೆ. ಕಿಟಕಿಯ ಕೆಂಪು ದೀಪವನ್ನು ಬೆರಳಿನಿಂದ ಮುಚ್ಚಿ ನೋಡಿದರೆ ಬೆಳದಿಂಗಳ ತಂಪು ಅರ್ಧ ಕಡಿಮೆಯಾಗುತ್ತದೆ.

ಇದರ ಹಿಂದೆ ವಿಜ್ಞಾನವೂ ಇತ್ತು. ಮೂಲವಸ್ತುಗಳ ಪಟ್ಟಿಯಿಂದ ಎಲ್ಲ ಶಾಲಾ ಮಕ್ಕಳಿಗೂ ಪರಿಚಿತನಾದ ಮೆಂಡಲೀವ್ ಕುಯಿಂಜಿಯ ಆಪ್ತ ಗೆಳೆಯ. ಬಣ್ಣ ಮತ್ತು ಬೆಳಕಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಭೌತವಿಜ್ಞಾನಿ ಪೆತ್ರುಶೆವ್‌ಸ್ಕಿಯ ಪರಿಚಯವೂ ಇತ್ತು. ಬಣ್ಣಗಳ ಸೂಕ್ಷ್ಮ ಅಂತರವನ್ನು ಕಣ್ಣು ಎಷ್ಟರಮಟ್ಟಿಗೆ ಗುರುತಿಸಬಲ್ಲದು ಎಂದು ಅಳೆಯುವ ಉಪಕರಣದ ಮುಂದೆ ಕಲಾವಿದರೆಲ್ಲ ಕೂತಾಗ, ಕುಯಿಂಜಿ ಎಲ್ಲರನ್ನೂ ಮೀರಿಸಿದನೆಂದು ಜೊತೆಯಲ್ಲಿದ್ದ ಕಲಾವಿದ ರೆಪಿನ್ ಬರೆದಿಟ್ಟಿದ್ದಾನೆ.

ಇಷ್ಟೆಲ್ಲ ತಿಳಿದವನು ಬಣ್ಣದ ಬಾಳಿಕೆಯ ವಿಷಯದಲ್ಲಿ ಮಾತ್ರ ಎಡವಿದ. ಕತ್ತಲೆಗೆ ಆಳ ಕೊಡಲು ಆತ ಆಸ್ಫಾಲ್ಟ್ ಬೆರೆತ ಬಣ್ಣ ಬಳಸಿದ ಎನ್ನುತ್ತಾರೆ. ಡಾಂಬರಿನ ಜಾತಿಯ ಈ ವಸ್ತು ಹೊಸದರಲ್ಲಿ ಮಖಮಲ್ಲಿನಂತೆ ಹೊಳೆಯುತ್ತದೆ; ಗಾಳಿ ಬೆಳಕಿಗೆ ಒಡ್ಡಿಕೊಂಡಂತೆ ಕಪ್ಪಾಗುತ್ತದೆ. 'ಬೆಳದಿಂಗಳ ರಾತ್ರಿ'ಯನ್ನು ಪ್ರದರ್ಶನಕ್ಕೆ ಮೊದಲೇ 5,000 ರೂಬಲ್ ಕೊಟ್ಟು ಕೊಂಡವನು ರಾಜಮನೆತನದ ಗ್ರ್ಯಾಂಡ್ ಡ್ಯೂಕ್ ಕಾನ್‌ಸ್ಟಾಂಟಿನ್ ಕಾನ್‌ಸ್ಟಾಂಟಿನೋವಿಚ್. ಚಿತ್ರದ ಮೇಲಿನ ಮೋಹಕ್ಕೆ ಆತ ಅದನ್ನು ಹಡಗಿನಲ್ಲಿ ದೂರದ ಸಮುದ್ರಯಾನಕ್ಕೂ ಒಯ್ದ. ದಾರಿಯಲ್ಲಿ ಪ್ಯಾರಿಸ್ಸಿನಲ್ಲಿದ್ದ ಕಾದಂಬರಿಕಾರ ತುರ್ಗೆನೆವ್, ಇದನ್ನು ಇಲ್ಲೇ ಬಿಟ್ಟುಹೋಗಿ ಎಂದು ಒತ್ತಾಯಿಸಿದರೂ ಕೇಳಲಿಲ್ಲ. ಉಪ್ಪುಗಾಳಿ ತನ್ನ ಕೆಲಸ ಮಾಡಿತು. ಇಂದು ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಂನಲ್ಲಿರುವ ಈ ಚಿತ್ರ 1880ರ ಜನ ಕಂಡ ಚಿತ್ರವಲ್ಲ.

ಇದನ್ನು ಮೊದಲೇ ಊಹಿಸಿದವನೊಬ್ಬನಿದ್ದ. ಕಲಾವಿದ ಕ್ರಾಮ್‌ಸ್ಕೊಯ್ ಆಗಲೇ ಒಂದು ಕಾಗದದಲ್ಲಿ ಈ ಬಣ್ಣಗಳು ಬಹುಕಾಲ ಒಟ್ಟಿಗೆ ಬಾಳುತ್ತವೆಯೇ ಎಂದು ಆತಂಕ ತೋಡಿಕೊಂಡಿದ್ದ. ನಮ್ಮ ಕಾಲದಲ್ಲಿ ಈ ಚಿತ್ರದ ಆಕಾಶ ನಿಜವಾಗಿಯೂ ಆಳವಾಗಿತ್ತು, ನದಿ ನಿಜವಾಗಿಯೂ ಹರಿಯುತ್ತಿತ್ತು, ಅದರಲ್ಲಿ ನಿಜವಾದ ಬೆಳಕಿತ್ತು ಎಂದು ಒಂದು ಮಹಜರು ಬರೆದು ಸಹಿ ಹಾಕಿಡಬೇಕು, ಮುಂದಿನವರು ನಂಬದೆ ಹೋದಾರು ಎಂಬ ಧಾಟಿಯಲ್ಲಿ ಬರೆದ. ಒಂದು ಚಿತ್ರಕ್ಕೆ ಅದರ ಗೆಳೆಯನೇ ಬರೆದ ಮರಣಪೂರ್ವ ಸಾಕ್ಷ್ಯದಂತಿದೆ ಆ ಕಾಗದ.

ಕೀರ್ತಿಯ ತುದಿಯಲ್ಲಿ ಕುಯಿಂಜಿ ಮಾಡಿದ ಕೆಲಸ ವಿಚಿತ್ರ. ಸಂಚಾರಿಗಳ ಸಂಘದ ಸದಸ್ಯನೊಬ್ಬ ಹೆಸರು ಮುಚ್ಚಿಟ್ಟು ಆತನ ವಿರುದ್ಧ ಪತ್ರಿಕೆಯಲ್ಲಿ ಬರೆದದ್ದರಿಂದ ಸಂಘದೊಡನೆ ಸಂಬಂಧ ಮೊದಲೇ ಮುರಿದಿತ್ತು. 1882ರ ನಂತರ ಆತ ಪ್ರದರ್ಶನವನ್ನೇ ನಿಲ್ಲಿಸಿಬಿಟ್ಟ. ಸುಮಾರು 20 ವರ್ಷ ಯಾರಿಗೂ ಏನನ್ನೂ ತೋರಿಸಲಿಲ್ಲ. ಸರಕು ಮುಗಿಯಿತು ಎಂದರು ಕೆಲವರು. ಆತ ಮಾತ್ರ ಬಾಗಿಲು ಹಾಕಿಕೊಂಡು ಬರೆಯುತ್ತಲೇ ಇದ್ದ. 1901ರಲ್ಲಿ ಕೆಲವು ಆಪ್ತರನ್ನು ಕರೆದು ಕೆಲವೇ ಚಿತ್ರಗಳನ್ನು ತೋರಿಸಿ ಮತ್ತೆ ಮುಚ್ಚಿದ. ಸತ್ತ ಮೇಲೆ ನೋಡಿದರೆ ಮನೆಯಲ್ಲಿ ನೂರಾರು ಚಿತ್ರಗಳು!

ಆ ವರ್ಷಗಳಲ್ಲಿ ನಗರದ ಜನ ಆತನನ್ನು ಕಂಡದ್ದು ಮನೆಯ ಮಾಳಿಗೆಯ ಮೇಲೆ. ಮಧ್ಯಾಹ್ನದ ಕೋಟೆಯ ತೋಪು ಹಾರುತ್ತಿದ್ದಂತೆ ಕಾಗೆ, ಪಾರಿವಾಳ, ಗುಬ್ಬಚ್ಚಿಗಳೆಲ್ಲ ಬಂದು ಸೇರುತ್ತಿದ್ದವು. ಕುಯಿಂಜಿ ಅವಕ್ಕೆ ಕಾಳು ಹಾಕುತ್ತಿದ್ದ, ಗಾಯಗೊಂಡವಕ್ಕೆ ಔಷಧ ಮಾಡುತ್ತಿದ್ದ. ವ್ಯಂಗ್ಯಚಿತ್ರಕಾರ ಶ್ಚೆರ್ಬೊವ್ ಈತ ಕಾಗೆಗೆ ಎನಿಮಾ ಕೊಡುತ್ತಿರುವ ಚಿತ್ರ ಬರೆದು ಊರನ್ನೆಲ್ಲ ನಗಿಸಿದ. ಕುಯಿಂಜಿಗೆ ಮಾತ್ರ ಅದು ನಗುವ ಸಂಗತಿಯಾಗಿರಲಿಲ್ಲ.

ಮೌನದ ನಡುವೆ ಆತ ಮೇಷ್ಟ್ರಾದ. 1894ರಿಂದ ಅಕಾಡೆಮಿಯಲ್ಲಿ ನಿಸರ್ಗ ಚಿತ್ರದ ತರಗತಿ ನಡೆಸಿದ. ಒಂದು ಕಾಲಕ್ಕೆ ತನ್ನನ್ನು ಒಳಗೆ ಬಿಡದ ಅಕಾಡೆಮಿ ಅದು. ತನ್ನಂತೆಯೇ ಬರೆಯಿರಿ ಎಂದು ಯಾರಿಗೂ ಹೇಳಲಿಲ್ಲ. 1897ರಲ್ಲಿ ವಿದ್ಯಾರ್ಥಿಗಳು ಆಡಳಿತದ ವಿರುದ್ಧ ನಿಂತಾಗ ಅವರ ಪರ ವಹಿಸಿದ್ದಕ್ಕೆ ಎರಡು ದಿನ ಗೃಹಬಂಧನ, ಆಮೇಲೆ ಕೆಲಸದಿಂದ ವಜಾ. ಮರುವರ್ಷ ತನ್ನ ಸ್ವಂತ ಖರ್ಚಿನಲ್ಲಿ ಶಿಷ್ಯರನ್ನು ಬರ್ಲಿನ್, ಪ್ಯಾರಿಸ್, ವಿಯೆನ್ನಾ ತೋರಿಸಲು ಕರೆದೊಯ್ದ. 1904ರಲ್ಲಿ ಯುವ ಕಲಾವಿದರ ಬಹುಮಾನಗಳಿಗಾಗಿ ಅಕಾಡೆಮಿಗೆ 1,00,000 ರೂಬಲ್ ದಾನ ಮಾಡಿದ. ಹಸಿವಿನಲ್ಲಿ ಬೆಳೆದವನ ಔದಾರ್ಯ ಇದು.

ಆ ತರಗತಿಯಲ್ಲಿ ಕಲಿತವರಲ್ಲಿ ಒಬ್ಬ ನಿಕೊಲಸ್ ರೋರಿಕ್. ಹಿಮಾಲಯದ ಶಿಖರಗಳನ್ನು ಬರೆದು, ಕುಲ್ಲು ಕಣಿವೆಯಲ್ಲಿ ನೆಲೆಸಿ, 1947ರಲ್ಲಿ ಅಲ್ಲೇ ತೀರಿಕೊಂಡ ಕಲಾವಿದ. ಕುಯಿಂಜಿ ತನಗೆ ಕೇವಲ ಚಿತ್ರಕಲೆಯ ಗುರುವಲ್ಲ, ಇಡೀ ಬದುಕಿನ ಗುರು ಎಂದು ಕೊನೆಯವರೆಗೂ ನೆನೆಯುತ್ತಿದ್ದರು. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಕನ್ನಡಿಗರಿಗೆ ಹೊಸಬರಲ್ಲ. ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ದಶಕಗಳ ಕಾಲ ಬದುಕಿ 1993ರಲ್ಲಿ ನಿಧನರಾದವರು. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಅವರ ಬೆಟ್ಟಗಳ ಮೇಲಿನ ಬೆಳಕನ್ನು ನೋಡಿದವರು, ಚಪ್ಪಟೆ ಬಣ್ಣದ ಅಗಲವಾದ ಹರವುಗಳು, ಕತ್ತಲೆಯ ನಡುವೆ ಹಠಾತ್ತನೆ ಉರಿಯುವ ಒಂದು ಅಂಚು, ಇವು ಎಲ್ಲಿಂದ ಬಂದವು ಎಂದು ಕೇಳಿಕೊಂಡರೆ, ದಾರಿಯೊಂದು ಮರಿಯುಪೋಲಿನವರೆಗೂ ಹೋಗುತ್ತದೆ.

ಕುಯಿಂಜಿ ತೀರಿಕೊಂಡದ್ದು 1910ರ ಜುಲೈನಲ್ಲಿ. ಆಸ್ತಿಯನ್ನೂ ಚಿತ್ರಗಳನ್ನೂ ತನ್ನ ಹೆಸರಿನ ಕಲಾವಿದರ ಸಂಘಕ್ಕೆ ಬರೆದಿಟ್ಟಿದ್ದ. ಬದುಕಿನುದ್ದಕ್ಕೂ ಆಳುಕಾಳಿಲ್ಲದೆ ಸಂಸಾರ ತೂಗಿಸಿದ ಹೆಂಡತಿ ವೇರಾಗೆ ಬಿಟ್ಟದ್ದು ವರ್ಷಾಶನ ಮಾತ್ರ. ಊರಿಗೆ ಉಪಕಾರಿಯಾದವನು ಮನೆಗೂ ಇನ್ನಷ್ಟು ಯೋಚಿಸಬಹುದಿತ್ತು.

ಆತ ಯಾವ ದೇಶದ ಕಲಾವಿದ? ದಶಕಗಳ ಕಾಲ ಮ್ಯೂಸಿಯಂಗಳ ಫಲಕಗಳು 'ರಷ್ಯನ್' ಎಂದೇ ಬರೆದವು. ಹುಟ್ಟಿದಾಗ ಮರಿಯುಪೋಲ್ ರಷ್ಯಾ ಸಾಮ್ರಾಜ್ಯದಲ್ಲಿತ್ತು, ಬದುಕಿದ್ದು ಪೀಟರ್ಸ್‌ಬರ್ಗಿನಲ್ಲಿ, ರಕ್ತ ಗ್ರೀಕರದು. ಆದರೆ ಆತನ ಕುಂಚ ಮತ್ತೆ ಮತ್ತೆ ಹುಡುಕಿಕೊಂಡು ಹೋದದ್ದು ನೀಪರ್ ನದಿಯನ್ನು, ಉಕ್ರೇನಿನ ರಾತ್ರಿಯನ್ನು, ಉಕ್ರೇನಿನ ಸಂಜೆಯನ್ನು. ವಾದ ಪಂಡಿತರ ನಡುವೆಯೇ ಉಳಿಯುತ್ತಿತ್ತೇನೋ, ಯುದ್ಧ ಬರದಿದ್ದರೆ.

ಮರಿಯುಪೋಲಿನಲ್ಲಿ 2010ರಲ್ಲಿ ಕುಯಿಂಜಿ ಕಲಾ ವಸ್ತುಸಂಗ್ರಹಾಲಯ ತೆರೆದಿತ್ತು. 2022ರ ಮಾರ್ಚ್‌ನಲ್ಲಿ, ರಷ್ಯಾದ ಸೇನೆ ಊರಿಗೆ ಮುತ್ತಿಗೆ ಹಾಕಿದ್ದಾಗ, ವಿಮಾನ ದಾಳಿಯಲ್ಲಿ ಆ ಕಟ್ಟಡ ನಾಶವಾಯಿತು. ಸಂಗ್ರಹದಲ್ಲಿದ್ದ ಕುಯಿಂಜಿಯ ಮೂರು ಮೂಲ ಕೃತಿಗಳು ಬೇರೆಡೆ ಇದ್ದುದರಿಂದ ಉಳಿದವು. ಏಪ್ರಿಲ್‌ನಲ್ಲಿ ಅವನ್ನು ರಷ್ಯಾದ ಹಿಡಿತದಲ್ಲಿದ್ದ ಡೊನೆಟ್ಸ್ಕ್‌ಗೆ ಒಯ್ಯಲಾಯಿತು ಎಂದು ಮರಿಯುಪೋಲಿನ ಉಕ್ರೇನ್ ನಗರಾಡಳಿತ ತಿಳಿಸಿತು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಆತನ ಕೊನೆಯ ವರ್ಷಗಳ ದೊಡ್ಡ ಚಿತ್ರವೊಂದಿದೆ. ನೀಪರ್ ನದಿಯ ಮೇಲೆ ಕೆಂಡದಂತೆ ಉರಿಯುವ ಸೂರ್ಯಾಸ್ತ. 2023ರಲ್ಲಿ ಅದರ ವಿವರಣೆಯನ್ನು ತಿದ್ದಿ ಕಲಾವಿದನನ್ನು ಉಕ್ರೇನಿನವನೆಂದು ನಮೂದಿಸಿದರು. ಮರಿಯುಪೋಲಿನ ಕುಯಿಂಜಿ ಸಂಗ್ರಹಾಲಯ ಬಾಂಬಿಗೆ ಬಲಿಯಾದ ಸುದ್ದಿಯನ್ನೂ ಅದರಲ್ಲಿ ಒಂದು ಸಾಲಿನಲ್ಲಿ ಸೇರಿಸಿದರು.