ಬಳಪದ ಕಲ್ಲಿನಿಂದ ಯುರೇನಿಯಂವರೆಗೆ: ನುಗ್ಗೇಹಳ್ಳಿ ನೆಲದಲ್ಲಿ ಬಂಧದ ವಿಚಾರ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಕ್ರಿ.ಶ. 1246ರಲ್ಲಿ ಹೊಯ್ಸಳ ಸೋಮೇಶ್ವರನ ಕಾಲದ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ಬೈಚೋಜ, ಮಲ್ಲಿತಮ್ಮರ ಉಳಿ ಅಲ್ಲಿ ಅಷ್ಟು ನಯವಾಗಿ ಓಡಿರುವುದಕ್ಕೆ ಅವರ ಪ್ರತಿಭೆಯೊಂದಿಗೆ ಬಳಪದ ಕಲ್ಲಿನ ಗುಣವೂ ಕಾರಣ. ಅದರ ಖನಿಜಗಳು ಪದರಪದರವಾಗಿವೆ. ಪದರದೊಳಗೆ ಸಿಲಿಕಾನ್ ಮತ್ತು ಆಮ್ಲಜನಕಗಳ ಹಿಡಿತ ಬಿಗಿ, ಪದರಗಳ ನಡುವಣ ಹಿಡಿತ ಸಡಿಲ. ಕಲ್ಲುಮರಿಗೆ ಕೊರೆದವರಿಗೆ ಈ ಅರಿವು ಕೈಯಲ್ಲಿತ್ತು.

ಇದೇ ಶಿಲಾಪಟ್ಟಿಯ ಬೈರಾಪುರದಲ್ಲಿ ಕ್ರೋಮೈಟ್ ಗಣಿ ನಡೆಯಿತು. ಅದಿರಿನಲ್ಲಿ ಕ್ರೋಮಿಯಂ ಮೂರರ ಸ್ಥಿತಿಯಲ್ಲಿದ್ದು ಆಮ್ಲಜನಕಗಳ ನಡುವೆ ಕಲ್ಲಾಗಿ ಕೂತಿರುತ್ತದೆ. ಆರರ ಸ್ಥಿತಿಗೆ ಏರಿದರೆ ನಾಲ್ಕು ಆಮ್ಲಜನಕಗಳೊಡನೆ ಗಿಡ್ಡವಾದ, ಹೆಚ್ಚು ಸಹವೇಲೆನ್ಸೀಯವಾದ ಬಂಧ ಬೆಳೆಸಿ ಕ್ರೋಮೇಟ್ ಆಗಿ ನೀರಿನೊಡನೆ ಹರಿಯುತ್ತದೆ, ವಿಷವೂ ಆಗುತ್ತದೆ.

ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ದೊರೆತ ಯುರೇನಿಯಂ ಕೂಡ ಹೀಗೆಯೇ. ನಾಲ್ಕರ ಸ್ಥಿತಿಯಲ್ಲಿ ಅದು ಕರಗದ ಆಕ್ಸೈಡು. ಆರಕ್ಕೆ ಏರಿದಾಗ ಎರಡು ಆಮ್ಲಜನಕಗಳನ್ನು ಎದುರುಬದುರು ಸರಳರೇಖೆಯಲ್ಲಿ, ಸುಮಾರು 1.8 ಆಂಗ್‌ಸ್ಟ್ರಾಂ ದೂರದಲ್ಲಿ ಹಿಡಿದು ಯುರೇನೈಲ್ ಆಗುತ್ತದೆ. ಅಂತರ್ಜಲದ ಕಾರ್ಬೊನೇಟು ಅದನ್ನು ಹೊತ್ತೊಯ್ಯುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ.

1789ರಲ್ಲಿ ಕ್ಲಾಪ್ರೋಟ್ ಹೆಸರಿಟ್ಟ ಈ ಧಾತುವಿನ ಬಂಧದ ಒಳಗುಟ್ಟು ಬಹುಕಾಲ ಬಿಡಿಸಲಾಗದೆ ಉಳಿಯಿತು. 1944ರಲ್ಲಿ ಸೀಬೋರ್ಗ್ ಆಕ್ಟಿನೈಡುಗಳಿಗೆ ಪ್ರತ್ಯೇಕ ಸಾಲು ಕಲ್ಪಿಸಿದರು. 1968ರಲ್ಲಿ ಬರ್ಕ್ಲಿಯಲ್ಲಿ ತಯಾರಾದ ಯುರೇನೊಸೀನ್, ಹೊರಗಿನ ಎಫ್ ಕಕ್ಷಕಗಳೂ ಬಂಧದಲ್ಲಿ ಪಾಲ್ಗೊಳ್ಳಬಲ್ಲವೇ ಎಂಬ ಚರ್ಚೆಗೆ ಬಲ ತಂದಿತು. ತೊಂಬತ್ತೆರಡು ಎಲೆಕ್ಟ್ರಾನುಗಳ ಲೆಕ್ಕ ಕೈಬರಹಕ್ಕೆ ಸಿಗುವಂತಹದಲ್ಲ. ಭಾರವಾದ ಬೀಜದ ಬಳಿ ಎಲೆಕ್ಟ್ರಾನುಗಳ ವೇಗ ಹೆಚ್ಚಾದ್ದರಿಂದ ಡಿರಾಕ್ 1928ರಲ್ಲಿ ಕೊಟ್ಟ ಸಾಪೇಕ್ಷತಾ ಸಮೀಕರಣವೂ ಬೇಕು. 1965ರ ಕೋನ್–ಶ್ಯಾಮ್ ವಿಧಾನ ಎಲೆಕ್ಟ್ರಾನುಗಳ ಸಾಂದ್ರತೆಯನ್ನೇ ಹಿಡಿದು ಲೆಕ್ಕ ಮಾಡುವ ದಾರಿ ತೆರೆದ ಮೇಲೆ ಗಣಕಯಂತ್ರಕ್ಕೆ ಈ ಕೆಲಸ ಕ್ರಮೇಣ ಎಟುಕಿತು.

ಆ ಲೆಕ್ಕಗಳಿಂದ ಹೊರಟ ಒಂದು ಮಾತು ಜಾನಪದ ಅಭ್ಯಾಸಿಯಾದ ನನ್ನನ್ನು ತಡೆದು ನಿಲ್ಲಿಸಿತು. ಸಹವೇಲೆನ್ಸೀಯತೆ ಎರಡು ಬಗೆಯಂತೆ. ಒಂದರಲ್ಲಿ ಕಕ್ಷಕಗಳು ಒಂದರ ಮೇಲೊಂದು ಹಾಯ್ದು ಪರಮಾಣುಗಳ ನಡುವೆ ಎಲೆಕ್ಟ್ರಾನು ಕೂಡಿಕೊಳ್ಳುತ್ತದೆ. ಇನ್ನೊಂದರಲ್ಲಿ ಇಬ್ಬರ ಶಕ್ತಿಮಟ್ಟ ಸಮವಾದುದರಿಂದಲೇ ಬೆರಕೆ ಕಾಣುತ್ತದೆ, ನಡುವೆ ಕೂಡಿಕೆ ಮಾತ್ರ ಅಲ್ಪ. ಅರಕಲಗೂಡು, ಹೊಳೆನರಸೀಪುರದ ಕಡೆಯ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಈ ಭೇದ ಹೊಸತಲ್ಲ: ಒಂದೇ ಗದ್ದೆಯಲ್ಲಿ ಬಾಗಿ ನಾಟಿ ಹಾಕುವ ನಂಟು ಬೇರೆ, ಅಂತಸ್ತು ಸಮವೆಂದು ಮುಯ್ಯಿಯ ಪಟ್ಟಿಯಲ್ಲಿ ಹೆಸರು ಬರೆಸುವ ನಂಟು ಬೇರೆ. ಹೋಲಿಕೆಯನ್ನು ಇದಕ್ಕಿಂತ ದೂರ ಎಳೆಯುವುದು ತರವಲ್ಲ. ಪರಮಾಣುವಿಗೆ ಸಾಲದ ನೆನಪಿಲ್ಲ. ಆದರೆ ಬೆರಕೆ ಕಂಡಲ್ಲೆಲ್ಲ ಬಂಧ ಗಟ್ಟಿಯೆಂದು ತೀರ್ಮಾನಿಸಲಾಗದು ಎಂಬ ಎಚ್ಚರಕ್ಕೆ ಅದು ಸಾಕು.

ನುಗ್ಗೇಹಳ್ಳಿ ಸುತ್ತಿನ ಗಣಿ ಮಣ್ಣಿನ ಕ್ರೋಮಿಯಂ ಕುರಿತು ಅಧ್ಯಯನಗಳು ನಡೆದಿವೆ. ಅಂತಹ ಮಣ್ಣುಗುಡ್ಡೆಯ ಪಕ್ಕದ ಬಾವಿನೀರಿನಲ್ಲಿ ಒಟ್ಟು ಕ್ರೋಮಿಯಂ ಎಷ್ಟೆಂದು ಅಳೆದರೆ ಸಾಲದು. ಅದರಲ್ಲಿ ಮೂರರದೆಷ್ಟು, ಆರರದೆಷ್ಟು ಎಂಬುದನ್ನು ಪ್ರತ್ಯೇಕವಾಗಿ ದಾಖಲಿಸಬೇಕು.