ದೀರ್ಘ ಓಟದ ನಡುವೆ ಊರಿನ ಸ್ಪರ್ಧೆ: ಹೊಂದಿಸುವ ಬಗೆ ಹೇಗೆ?

ಶಿಕಾರಿಪುರ: ತರಬೇತಿ ಪಟ್ಟಿಯ ಪ್ರಕಾರ ಭಾನುವಾರ 30 ಕಿ.ಮೀ. ಓಡಬೇಕು. ಅದೇ ಬೆಳಿಗ್ಗೆ ಊರಿನಲ್ಲಿ 10 ಕಿ.ಮೀ. ಓಟದ ಸ್ಪರ್ಧೆ ಏರ್ಪಾಡಾಗಿದೆ. ಸ್ಪರ್ಧೆಯನ್ನು ಬಿಟ್ಟರೆ ಊರಿನವರಿಗೆ ಬೇಸರ, ತರಬೇತಿಯನ್ನು ಬಿಟ್ಟರೆ ಮ್ಯಾರಥಾನ್ ಸಿದ್ಧತೆಗೆ ಧಕ್ಕೆ. ಎರಡನ್ನೂ ಪೂರ್ಣ ಬಲದಿಂದ ಮಾಡಲು ಹೊರಟರೆ ಕಾಲಿಗೇ ಪೆಟ್ಟು.

ಶಿಕಾರಿಪುರ, ಸೊರಬದಂತಹ ತಾಲ್ಲೂಕು ಕೇಂದ್ರಗಳ ದೂರ ಓಟಗಾರರಿಗೆ ಈ ಇಕ್ಕಟ್ಟು ಎದುರಾಗುವುದು ಹೆಚ್ಚಾಗಿ ಮಳೆಗಾಲ ಕಳೆದ ಮೇಲೆ. ಗಾಂಧಿ ಜಯಂತಿ, ರಾಜ್ಯೋತ್ಸವ, ಗಣರಾಜ್ಯೋತ್ಸವಗಳ ನೆಪದಲ್ಲಿ ರಾಜ್ಯದ ಹಲವು ಊರುಗಳಲ್ಲಿ ಸಣ್ಣ ಓಟಗಳು ನಡೆಯುವ ಕಾಲವದು. ಜನವರಿಯಲ್ಲಿ ನಡೆಯುವ ಮುಂಬೈ ಮ್ಯಾರಥಾನ್‌ಗೆ ಸಿದ್ಧರಾಗುವವರ ಅತಿ ದೀರ್ಘ ಓಟಗಳೂ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲೇ ಬೀಳುತ್ತವೆ. ಸರಿಯಾಗಿ ಯೋಜಿಸಿದರೆ ಸ್ಪರ್ಧೆಯನ್ನು ದೀರ್ಘ ಓಟದ ಒಂದು ಭಾಗವನ್ನಾಗಿಸಿಕೊಳ್ಳುವುದು ಸಾಧ್ಯ.

ದೀರ್ಘ ಓಟ ಏಕೆ?

ಮ್ಯಾರಥಾನ್ ದೂರ 42.195 ಕಿ.ಮೀ. ಶಿಕಾರಿಪುರದಿಂದ ಶಿರಾಳಕೊಪ್ಪ ಮಾರ್ಗವಾಗಿ ಸೊರಬಕ್ಕೆ ಇರುವ ರಸ್ತೆ ಇದಕ್ಕಿಂತ ಸ್ವಲ್ಪವೇ ಕಡಿಮೆ ಎಂದರೆ ಈ ದೂರದ ಅಂದಾಜು ಸಿಕ್ಕೀತು. ಸ್ನಾಯು ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಇಷ್ಟು ದೂರದ ವೇಗದ ಓಟಕ್ಕೆ ಸಾಮಾನ್ಯವಾಗಿ ಸಾಲದು. ಕೊಬ್ಬನ್ನು ಹೆಚ್ಚು ಬಳಸಿಕೊಳ್ಳುವುದನ್ನು ದೇಹಕ್ಕೆ ಕಲಿಸಲು, ಕಾಲುಗಳನ್ನು ದಣಿವಿಗೆ ಒಗ್ಗಿಸಲು ವಾರಕ್ಕೊಮ್ಮೆ ನಿಧಾನಗತಿಯ ದೀರ್ಘ ಓಟ ಬೇಕು.

ಈ ಕ್ರಮಕ್ಕೆ ಪ್ರಸಿದ್ಧಿ ತಂದವರು ನ್ಯೂಜಿಲೆಂಡ್‌ನ ತರಬೇತುದಾರ ಆರ್ಥರ್ ಲಿಡಿಯಾರ್ಡ್. ಅವರ ಶಿಷ್ಯರು ಸುಮಾರು 35 ಕಿ.ಮೀ. ಗುಡ್ಡದ ಹಾದಿಯನ್ನು ವಾರಕ್ಕೊಮ್ಮೆ ಓಡುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪೀಟರ್ ಸ್ನೆಲ್ 800 ಮೀಟರ್‌ನಲ್ಲಿ ಹಾಗೂ ಮರ್ರೆ ಹಾಲ್ಬರ್ಗ್ 5000 ಮೀಟರ್‌ನಲ್ಲಿ ಚಿನ್ನ ಗೆದ್ದರು. ಬ್ಯಾರಿ ಮಗೀ ಮ್ಯಾರಥಾನ್‌ನಲ್ಲಿ ಕಂಚು ಪಡೆದರು. ಮೂವರೂ ಈ ಅಭ್ಯಾಸದಲ್ಲಿ ಪಳಗಿದವರು.

ನಮ್ಮ ನಾಡಿಗೂ ಮ್ಯಾರಥಾನ್ ಹೊಸದಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಪಿ.ಡಿ. ಚೌಗುಲೆ ಭಾರತದ ಪರವಾಗಿ ಓಡಿ 19ನೇ ಸ್ಥಾನ ಪಡೆದಿದ್ದರು. ಅಂದಿನ ಮ್ಯಾರಥಾನ್ ಮಾರ್ಗ ಇಂದಿನದಕ್ಕಿಂತ ಉದ್ದವಾಗಿದ್ದು, 42.75 ಕಿ.ಮೀ. ಇತ್ತು.

ಮೊದಲು ತೀರ್ಮಾನ

ಈ ದಿನ ಮುಖ್ಯವಾದುದು ಸ್ಪರ್ಧೆಯೋ, ತರಬೇತಿಯೋ? ಚೆಸ್ಟ್ ನಂಬರ್ ಕಟ್ಟಿಕೊಳ್ಳುವ ಮೊದಲೇ ಈ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ಆರಂಭದ ಗೆರೆಯಲ್ಲಿ ನಿಂತು ತೀರ್ಮಾನಿಸುವವರು ಸಾಮಾನ್ಯವಾಗಿ ತಪ್ಪನ್ನೇ ಆರಿಸಿಕೊಳ್ಳುತ್ತಾರೆ.

ಕೆಲವು ಸ್ಪರ್ಧೆಗಳನ್ನು ದೀರ್ಘ ಓಟಕ್ಕೆ ಸೇರಿಸಲೇಬಾರದು. ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟದಲ್ಲಿ ಗೆದ್ದವರಿಗೆ ಜಿಲ್ಲಾ ಮಟ್ಟ, ವಿಭಾಗ ಮಟ್ಟಗಳ ಬಾಗಿಲು ತೆರೆಯುತ್ತದೆ. ಅಂತರ ಕಾಲೇಜು ಗುಡ್ಡಗಾಡು ಓಟದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯ ಅವಕಾಶವಿರುತ್ತದೆ. ಇಂತಹ ಆಯ್ಕೆ ಸ್ಪರ್ಧೆಗೆ ಹಿಂದಿನ ಒಂದೆರಡು ದಿನ ವಿಶ್ರಾಂತಿ ಪಡೆದು, ತಾಜಾ ಕಾಲುಗಳಿಂದ ಓಡುವುದೇ ಸರಿ. ದೀರ್ಘ ಓಟವನ್ನು ಆ ವಾರ ಕೈಬಿಟ್ಟರೂ ನಷ್ಟವಿಲ್ಲ. ನಗದು ಬಹುಮಾನದ ಮೇಲೆ ಕಣ್ಣಿಟ್ಟವರಿಗೂ ಇದೇ ಮಾತು ಅನ್ವಯಿಸುತ್ತದೆ.

ಸೇನೆ, ಪೊಲೀಸ್ ನೇಮಕಾತಿಯ 1600 ಮೀಟರ್ ಪರೀಕ್ಷೆಗೆ ಸಿದ್ಧರಾಗುವ ಯುವಕರಿಗೆ 30 ಕಿ.ಮೀ. ಓಟದ ಅಗತ್ಯವೇ ಇಲ್ಲ. ಅವರು ಊರಿನ ಸ್ಪರ್ಧೆಯನ್ನು ಸ್ಪರ್ಧೆಯಾಗಿಯೇ ಓಡಲಿ.

ಮೂರು ವಿಧಾನಗಳು

ಗುರಿ ಮ್ಯಾರಥಾನ್ ಆಗಿದ್ದರೆ ಸ್ಪರ್ಧೆಯನ್ನು ಮೂರು ರೀತಿಯಲ್ಲಿ ಸೇರಿಸಬಹುದು. 10 ಕಿ.ಮೀ.ಯನ್ನು 50 ನಿಮಿಷದಲ್ಲಿ ಓಡಬಲ್ಲ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ ರೂಪಿಸಿದ, ಓಟಗಾರರಲ್ಲಿ ಹೆಚ್ಚು ಬಳಕೆಯಲ್ಲಿರುವ ಸೂತ್ರದ ಪ್ರಕಾರ ಅವರ ಮ್ಯಾರಥಾನ್ ಸಮಯ ಸುಮಾರು 3 ಗಂಟೆ 50 ನಿಮಿಷ. ಅಂದರೆ ಕಿ.ಮೀ.ಗೆ 5 ನಿಮಿಷ 27 ಸೆಕೆಂಡ್. ಅವರ ನಿಧಾನ ಓಟದ ಗತಿ ಕಿ.ಮೀ.ಗೆ ಆರೂವರೆ ನಿಮಿಷ ಎಂದಿಟ್ಟುಕೊಳ್ಳೋಣ. ಸ್ಪರ್ಧೆ ಬೆಳಿಗ್ಗೆ 6.30ಕ್ಕೆ, ಒಟ್ಟು ಓಟ 30 ಕಿ.ಮೀ.

ಮೊದಲನೆಯದು, 16+10+4. ಬೆಳಿಗ್ಗೆ 4.35ಕ್ಕೆ ಹೊರಟು 16 ಕಿ.ಮೀ. ನಿಧಾನವಾಗಿ ಓಡಿದರೆ 6.20ರ ಹೊತ್ತಿಗೆ ಮೈದಾನ ತಲುಪಬಹುದು. ದಣಿದ ಕಾಲುಗಳಿಂದ ಮ್ಯಾರಥಾನ್ ಗತಿಯಲ್ಲಿ ಸ್ಪರ್ಧೆ, ನಂತರ 4 ಕಿ.ಮೀ. ನಿಧಾನ ಓಟ. ಮ್ಯಾರಥಾನ್‌ನ ಕೊನೆಯ ಹಂತಕ್ಕೆ ಇದರಷ್ಟು ಒಳ್ಳೆಯ ತಾಲೀಮು ಮತ್ತೊಂದಿಲ್ಲ. ಆದರೆ ಸುಮಾರು ಎರಡು ಗಂಟೆ ಕತ್ತಲೆಯಲ್ಲೇ ಓಡಬೇಕು.

ಎರಡನೆಯದು, 8+10+12. 5.25ಕ್ಕೆ ಹೊರಟರೆ ಸಾಕು. ಸ್ಪರ್ಧೆಯ ಬಳಿಕ 12 ಕಿ.ಮೀ. ಮುಗಿಯುವಾಗ 8.45 ಆಗಿರುತ್ತದೆ. ಬಿಸಿಲು ತುಸು ತಟ್ಟಿದರೂ ಹೆಚ್ಚಿನವರಿಗೆ ಹೊಂದುವ ವಿಧಾನವಿದು.

ಮೂರನೆಯದು, ಮೊದಲು ಸ್ಪರ್ಧೆ, ನಂತರ ಉಳಿದ ದೂರ. ಲೆಕ್ಕಕ್ಕೆ ಸುಲಭ, ದೇಹಕ್ಕೆ ಕಷ್ಟ. ತಾಜಾ ಕಾಲು ವೇಗವನ್ನು ಹೆಚ್ಚಿಸುತ್ತದೆ. ಹಾಗೆ ಓಡಿದ ಮೇಲೆ 20 ಕಿ.ಮೀ. ಎಳೆಯುವುದರಿಂದ ಗಾಯದ ಸಂಭವ ಹೆಚ್ಚು. ಈ ವಿಧಾನ ಅನಿವಾರ್ಯವಾದರೆ ಒಟ್ಟು ದೂರವನ್ನು 20-22 ಕಿ.ಮೀ.ಗೆ ಇಳಿಸುವುದು ಲೇಸು.

ಸ್ಪರ್ಧೆ 5 ಕಿ.ಮೀ. ಆಗಿದ್ದರೂ ತತ್ವ ಒಂದೇ. ದೂರ ಕಡಿಮೆಯಾದ್ದರಿಂದ ಮ್ಯಾರಥಾನ್ ಗತಿಗಿಂತ ಸ್ವಲ್ಪ ವೇಗವಾಗಿ ಓಡಬಹುದು. ಕೊನೆಯಲ್ಲಿ ಏದುಸಿರು ಬಿಡುವಂತಾಗಬಾರದು.

ಅತಿಥಿಗಳ ಆಗಮನ ತಡವಾದರೆ?

ಊರಿನ ಸ್ಪರ್ಧೆಗಳು ಹೇಳಿದ ಸಮಯಕ್ಕೇ ಆರಂಭವಾಗುತ್ತವೆ ಎಂಬ ಭರವಸೆಯಿಲ್ಲ. ಉದ್ಘಾಟನೆ, ಭಾಷಣ, ಹಸಿರು ನಿಶಾನೆ ಎಂದು ಅರ್ಧ ಗಂಟೆ ಕಳೆಯುವುದು ಸಾಮಾನ್ಯ. 16 ಕಿ.ಮೀ. ಓಡಿ ಬೆವರಿದವರು ಹಾಗೆಯೇ ನಿಂತರೆ ಸ್ನಾಯುಗಳು ಬಿಗಿಯುತ್ತವೆ. ಮೊದಲ ವಿಧಾನದ ದೊಡ್ಡ ತೊಡಕು ಇದೇ.

ಆದ್ದರಿಂದ ಮೊದಲ ಭಾಗವನ್ನು ಮೈದಾನದ ಸುತ್ತಮುತ್ತಲಿನ ಸಣ್ಣ ಸುತ್ತುಗಳಲ್ಲಿ ಓಡುವುದು ಜಾಣತನ. ಆರಂಭ ತಡವಾದರೆ ನಿಲ್ಲದೆ ಇನ್ನೆರಡು ಕಿ.ಮೀ. ನಿಧಾನವಾಗಿ ಓಡಿ, ಅಷ್ಟನ್ನು ಕೊನೆಯ ಭಾಗದಿಂದ ಕಳೆಯಬಹುದು. ಚೆಸ್ಟ್ ನಂಬರನ್ನು ಸಾಧ್ಯವಾದರೆ ಹಿಂದಿನ ದಿನವೇ ಪಡೆಯಬೇಕು. ಒಣಗಿದ ಬನಿಯನ್, ಬಾಳೆಹಣ್ಣು, ನೀರು ಇರುವ ಚೀಲವನ್ನು ಪರಿಚಿತರ ಬಳಿ ಇರಿಸಬೇಕು. ಓಟ ಮುಗಿಸಿದ ಮೇಲೆ ಉಳಿದ ದೂರವನ್ನು ಸ್ಪರ್ಧೆಯ ಹಾದಿಯಲ್ಲಿ ಓಡಕೂಡದು. ತೀರ್ಪುಗಾರರ ಎಣಿಕೆ ತಪ್ಪಲು ಅದು ಕಾರಣವಾದೀತು.

ಹಿಂದೆ ಬೀಳುವ ಧೈರ್ಯ

ನಿಜವಾದ ಪರೀಕ್ಷೆ ಇರುವುದು ಇಲ್ಲಿ. ನಮ್ಮ ಉದಾಹರಣೆಯ ಓಟಗಾರ ಯೋಜನೆಯಂತೆ ಓಡಿದರೆ 10 ಕಿ.ಮೀ.ಗೆ 54 ನಿಮಿಷ 30 ಸೆಕೆಂಡ್ ಬೇಕು. ಅವರ ಉತ್ತಮ ಸಮಯಕ್ಕಿಂತ ಇದು ನಾಲ್ಕೂವರೆ ನಿಮಿಷ ಹೆಚ್ಚು. ಪ್ರತಿದಿನ ಹಿಂದಿಕ್ಕುವ ಹುಡುಗ ಇಂದು ಮುಂದೆ ಹೋಗುತ್ತಾನೆ. ರಸ್ತೆ ಬದಿಯಲ್ಲಿ ನಿಂತ ಪರಿಚಿತರಿಗೆ ಈತ ಆಗಲೇ 16 ಕಿ.ಮೀ. ಓಡಿ ಬಂದಿರುವುದು ತಿಳಿದಿರುವುದಿಲ್ಲ. ಬೆಂಗಳೂರಿನ ಸಾವಿರಾರು ಓಟಗಾರರ ನಡುವೆ ನಿಧಾನವಾಗಿ ಓಡುವುದು ಸುಲಭ. ಎಲ್ಲರೂ ಹೆಸರು ಹಿಡಿದು ಕೂಗುವ ಊರಿನಲ್ಲಿ ಅದು ಕಷ್ಟ.

ಆ ಕೂಗಿಗೆ ಓಗೊಟ್ಟು ಪೂರ್ಣ ವೇಗ ಹಿಡಿದರೆ ತರಬೇತಿಯೂ ಕೆಡುತ್ತದೆ, ಉತ್ತಮ ಸಮಯವೂ ದಕ್ಕುವುದಿಲ್ಲ. ಆರಂಭದ ಗುಂಪಿನಲ್ಲಿ ಹಿಂದೆ ನಿಲ್ಲುವುದು, ಮೊದಲ ಎರಡು ಕಿ.ಮೀ.ಯನ್ನು ಗಡಿಯಾರ ನೋಡಿಯೇ ಓಡುವುದು ಇದಕ್ಕೆ ಪರಿಹಾರ. ಈ ದಿನದ ಸಮಯವನ್ನು ಮ್ಯಾರಥಾನ್ ಲೆಕ್ಕಾಚಾರಕ್ಕೆ ಬಳಸಲೂಬಾರದು. ಆ ಸೂತ್ರ ತಾಜಾ ಕಾಲುಗಳಿಂದ, ಪೂರ್ಣ ಶ್ರಮದಿಂದ ಓಡಿದ ಸಮಯಕ್ಕೆ ಮಾತ್ರ ಸಲ್ಲುತ್ತದೆ.

ರಸ್ತೆ ಮತ್ತು ಋತು

ನವೆಂಬರ್‌ನಲ್ಲಿ ಈ ಭಾಗದಲ್ಲಿ ಸೂರ್ಯೋದಯ ಸುಮಾರು 6.30ರ ಆಸುಪಾಸು. ಅದಕ್ಕೂ ಮುನ್ನ ಓಡುವವರಿಗೆ ಟಾರ್ಚ್ ಮತ್ತು ಬೆಳಕು ಪ್ರತಿಫಲಿಸುವ ಉಡುಪು ಕಡ್ಡಾಯ. ವಾಹನಗಳಿಗೆ ಎದುರಾಗಿ, ರಸ್ತೆಯ ಬಲಬದಿಯಲ್ಲಿ ಓಡಬೇಕು. ಒಬ್ಬರೇ ಹೋಗದಿರುವುದು ಒಳಿತು. ಸುಗ್ಗಿಯ ದಿನಗಳಲ್ಲಿ ರಸ್ತೆಯಂಚಿನಲ್ಲಿ ಮೆಕ್ಕೆಜೋಳ, ಭತ್ತ ಒಣಹಾಕಿರುವುದರಿಂದ ಓಟಗಾರರು ರಸ್ತೆಯ ನಡುವಿಗೆ ಸರಿಯಬೇಕಾಗುತ್ತದೆ. ದೀಪಾವಳಿಯ ನಂತರ ಎರಡೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಹಬ್ಬವಿರುವ ಊರಿನ ಹಾದಿಯನ್ನು ಆ ದಿನ ಬಿಡುವುದೇ ಕ್ಷೇಮ.

ನೀರು, ಆಹಾರ

ಒಂದೂವರೆ ಗಂಟೆ ಮೀರಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆಂಬುದು ಕ್ರೀಡಾ ವೈದ್ಯಕೀಯದ ಸಾಮಾನ್ಯ ಸಲಹೆ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಬಾಯಾರಿಕೆಗೆ ತಕ್ಕಷ್ಟು ನೀರು ಸಾಕು. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ಅಪಾಯವಾದೀತು. ಔಷಧ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟು ನೀರಿನಲ್ಲಿ ಬೆರೆಸಿ ಕುಡಿಯಬಹುದು. ಎದೆನೋವು, ತಲೆಸುತ್ತು ಕಾಣಿಸಿದರೆ ಓಟವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಮುಂದಿನ ವಾರ

ನಡುವೆ 10 ಕಿ.ಮೀ. ವೇಗವಾಗಿ ಓಡಿದ 30 ಕಿ.ಮೀ., ನಿಧಾನದ 30 ಕಿ.ಮೀ.ಗೆ ಸಮನಲ್ಲ. ಮರುದಿನ ವಿಶ್ರಾಂತಿ, ನಂತರ ಎರಡು ಮೂರು ದಿನ ಸಣ್ಣ, ನಿಧಾನ ಓಟ ಮಾತ್ರ ಸಾಕು. ಆ ವಾರದ ವೇಗದ ಅಭ್ಯಾಸವನ್ನು ಸ್ಪರ್ಧೆಯೇ ಪೂರೈಸಿರುತ್ತದೆ. ಮ್ಯಾರಥಾನ್‌ಗೆ ಮೂರು ವಾರಕ್ಕಿಂತ ಕಡಿಮೆ ಸಮಯ ಉಳಿದಿದ್ದರೆ ಇಂತಹ ಪ್ರಯೋಗ ಬೇಡ. ಹೊಸದಾಗಿ ಓಟ ಆರಂಭಿಸಿದವರಿಗೆ, ಗಾಯದಿಂದ ಚೇತರಿಸಿಕೊಳ್ಳುತ್ತಿರುವವರಿಗೂ ಇದು ತರವಲ್ಲ.

ಉಳಿದವರಿಗೆ ಊರಿನ ಸ್ಪರ್ಧೆ ವರವೇ ಸರಿ. ಒಂಟಿಯಾಗಿ ಎಳೆಯಬೇಕಾದ ದೂರದ ಮೂರನೇ ಒಂದು ಭಾಗಕ್ಕೆ ಜೊತೆಗಾರರು, ನೀರು ಕೊಡುವ ಸ್ವಯಂಸೇವಕರು, ಚಪ್ಪಾಳೆ ಎಲ್ಲವೂ ಸಿಗುತ್ತವೆ. ಆ ಬೆಳಿಗ್ಗೆ ಊರಿನ ಹುಡುಗ ಮುಂದೆ ಹೋದರೆ ಹೋಗಲಿ. ಈ ಓಟಗಾರನ ಸ್ಪರ್ಧೆ ಇರುವುದು ಜನವರಿಯಲ್ಲಿ.