ಒಂದೇ ಜಿಲ್ಲೆ, ಎರಡು ಲೆಕ್ಕ: ಕಾಸರಗೋಡಿನಲ್ಲಿ ಕ್ರೈಸ್ತರ ತಪಸ್ಸು ಕಾಲ

ಕಾಸರಗೋಡು: 2025ರ ಫೆಬ್ರವರಿ 26ರಂದು ಶಿವರಾತ್ರಿಯ ಜಾಗರಣೆ. ಮಾರ್ಚ್ 2ರಂದು ರಂಜಾನ್ ಉಪವಾಸದ ಮೊದಲ ದಿನ. ಮರುದಿನ ಸೋಮವಾರ ಜಿಲ್ಲೆಯ ಪೂರ್ವದ ಮಲೆಪ್ರದೇಶದ ಸೀರೊ ಮಲಬಾರ್ ಇಗರ್ಜಿಗಳಲ್ಲಿ ಹಣೆಗೆ ವಿಭೂತಿ. ಮಾರ್ಚ್ 5ರ ಬುಧವಾರ ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿ ಕಡೆಯ ಕೊಂಕಣಿ ಕ್ರೈಸ್ತರ ಹಣೆಗೆ ಬೂದಿ. ಹೀಗೆ ಎಂಟು ದಿನಗಳ ಒಳಗೆ ಒಂದೇ ಜಿಲ್ಲೆಯಲ್ಲಿ ನಾಲ್ಕು ಬಗೆಯ ವ್ರತ ಹಿಡಿದದ್ದಾಯಿತು. ಹೊರಗಿನವರಿಗೆ ಇದರಲ್ಲಿ ಗೊಂದಲ ಹುಟ್ಟಿಸುವುದು ಕೊನೆಯ ಎರಡು. ಇಬ್ಬರೂ ಕಥೋಲಿಕರು, ಇಬ್ಬರೂ ರೋಮಿನ ಪೋಪರನ್ನು ಒಪ್ಪಿದವರು, ಈಸ್ಟರ್ ಹಬ್ಬವೂ ಇಬ್ಬರಿಗೂ ಒಂದೇ ದಿನ. ಆದರೂ ಉಪವಾಸ ಹಿಡಿಯುವ ದಿನ ಮಾತ್ರ ಬೇರೆ.

ಇದರ ಹಿಂದೆ ಇರುವುದು ಜಗಳವಲ್ಲ, ಎರಡು ಹಳೆಯ ಲೆಕ್ಕಗಳು. ಕರಾವಳಿಯ ಕೊಂಕಣಿ ಕಥೋಲಿಕರು ಲ್ಯಾಟಿನ್ ಅಥವಾ ರೋಮನ್ ಕ್ರಮದವರು. ಯೇಸು ಮರುಭೂಮಿಯಲ್ಲಿ 40 ದಿನ ಉಪವಾಸವಿದ್ದುದರ ನೆನಪಿಗೆ ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಇವರ ತಪಸ್ಸು ಕಾಲ. ಎಣಿಸಿದರೆ 46 ದಿನ ಬರುತ್ತದೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಆರು ಭಾನುವಾರಗಳನ್ನು ಕಳೆದರೆ ಸರಿಯಾಗಿ 40. ಕೊಂಕಣಿಯಲ್ಲಿ ಇದಕ್ಕೆ 'ಕರೆಜ್ಮ್' ಎನ್ನುತ್ತಾರೆ. ಪೋರ್ಚುಗೀಸರ 'ಕ್ವರೆಜ್ಮ'ದಿಂದ ಬಂದ ಈ ಮಾತಿನ ಮೂಲ ಲ್ಯಾಟಿನ್ನಿನಲ್ಲಿ 'ನಲವತ್ತನೆಯದು' ಎಂದೇ.

ತಿರುವಾಂಕೂರು ಕಡೆಯಿಂದ ವಲಸೆ ಬಂದು ರಾಜಪುರಂ, ವೆಳ್ಳರಿಕುಂಡ್, ಚಿತ್ತಾರಿಕ್ಕಲ್ ಮುಂತಾದ ಕಡೆ ನೆಲೆಸಿದವರು ಪೂರ್ವ ಸಿರಿಯನ್ ಪರಂಪರೆಯ ಸೀರೊ ಮಲಬಾರ್ ಸಭೆಯವರು. ರಾಜಪುರಂ ವಲಸೆ ಊರು ಹುಟ್ಟಿದ್ದು 1943ರಲ್ಲಿ. ಮಲಬಾರಿನ ಈ ವಲಸಿಗರಿಗೆಂದು ತಲಶ್ಶೇರಿ ಧರ್ಮಪ್ರಾಂತ್ಯ 1953ರ ಕೊನೆಗೆ ಸ್ಥಾಪನೆಯಾಯಿತು. ಇವರದ್ದು 'ಅಂಬದ್ ನೋಂಬು', ಅಂದರೆ ಐವತ್ತು ದಿನಗಳ ವ್ರತ. 'ಪೇತುರ್ತಾ' ಎಂಬ ಭಾನುವಾರ ಮಾಂಸದೂಟ ಮುಗಿಸಿ ರಾತ್ರಿಯಿಂದಲೇ ವ್ರತ ಹಿಡಿಯುತ್ತಾರೆ. ಆ ಭಾನುವಾರವನ್ನೂ ಈಸ್ಟರನ್ನೂ ಸೇರಿಸಿ ಎಣಿಸಿದರೆ 50. ನಡುವಿನ ಭಾನುವಾರಗಳಿಗೆ ರಿಯಾಯಿತಿ ಇಲ್ಲ.

'ನೋಂಬು' ಎಂಬ ಮಾತು ಕನ್ನಡಿಗರಿಗೆ ಹೊಸತಲ್ಲ. ನಮ್ಮ ಜೈನರ 'ನೋಂಪಿ' ಇದೇ ಮಾತು. ಮಲಯಾಳದಲ್ಲಿ ಮುಸ್ಲಿಮರ ರಂಜಾನ್ ಉಪವಾಸಕ್ಕೂ ನೋಂಬು ಎಂದೇ ಹೆಸರು. 'ತಪಸ್ಸು', 'ವಿಭೂತಿ' ಎಂಬ ಮಾತುಗಳನ್ನೂ ಇಲ್ಲಿನ ಕ್ರೈಸ್ತರು ನೆರೆಯವರಿಂದ ಪಡೆದು ತಮ್ಮದಾಗಿಸಿಕೊಂಡಿದ್ದಾರೆ.

ಬೂದಿಯ ಹಿಂದೆ

ಬುಧವಾರ ಹಚ್ಚುವ ಬೂದಿ ಎಲ್ಲಿಂದಲೋ ತಂದದ್ದಲ್ಲ. ಹಿಂದಿನ ವರ್ಷ ಗರಿಗಳ ಭಾನುವಾರ ಆಶೀರ್ವದಿಸಿ ಮನೆಗೆ ಒಯ್ದ ಗರಿಗಳನ್ನು ಮರಳಿ ತಂದು ಸುಟ್ಟು ಮಾಡಿದ್ದು. ಜೆರುಸಲೇಮಿನಲ್ಲಿ ಖರ್ಜೂರದ ಗರಿಯಾದರೆ ನಮ್ಮಲ್ಲಿ ತೆಂಗಿನ ಎಳೆಗರಿ. ಭೂತದ ಕೋಲಕ್ಕೆ ಬೇಕಾಗುವ ತೆಂಗಿನ ಸಿರಿಯೇ ಇಗರ್ಜಿಗೂ ಹೋಗುತ್ತದೆ. ಮಣ್ಣಿನಿಂದ ಬಂದವನು ಮಣ್ಣಿಗೇ ಮರಳುವವನು ಎಂದು ನೆನಪಿಸುತ್ತ ಧರ್ಮಗುರುಗಳು ಹಣೆಗೆ ಶಿಲುಬೆಯ ಗುರುತು ಹಾಕುತ್ತಾರೆ. ಅಂದು ಆಫೀಸಿನಲ್ಲೋ ಬಸ್ಸಿನಲ್ಲೋ ಹಣೆಯಲ್ಲಿ ಕಪ್ಪು ಗುರುತು ಕಂಡರೆ 'ಏನೋ ಮೆತ್ತಿಕೊಂಡಿದೆ' ಎಂದು ಒರೆಸಲು ಹೇಳುವವರು ಈಗಲೂ ಇದ್ದಾರೆ. ಒರೆಸಬೇಕಾಗಿಲ್ಲ.

ಕರಾವಳಿಯ ಕ್ರೈಸ್ತರಿಗೆ ಬೂದಿ ಬುಧವಾರದ ಜೊತೆ ಇನ್ನೊಂದು ನೆನಪೂ ಸೇರಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು 1784ರ ಬೂದಿ ಬುಧವಾರದಂದು ಆರಂಭವಾಯಿತೆಂಬುದು ಸಮುದಾಯದ ನೆನಪು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆಯೇ ಉಳಿದವರು ಊರಿಗೆ ಮರಳಿದ್ದು.

ಮೀನು ತಿನ್ನಬಹುದೆ?

ತಪಸ್ಸು ಕಾಲಕ್ಕೆ ಮೂರು ಕೆಲಸ: ಪ್ರಾರ್ಥನೆ, ಉಪವಾಸ, ದಾನ. ಇವು ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಒಟ್ಟಿಗೇ ಬರುತ್ತವೆ, ಅದೂ ಜನರಿಗೆ ತೋರಿಸಿಕೊಳ್ಳಲು ಮಾಡಬಾರದು ಎಂಬ ಎಚ್ಚರಿಕೆಯೊಂದಿಗೆ. ಆದರೆ ಜನರ ಬಾಯಲ್ಲಿ ಮೊದಲು ಬರುವುದು ಊಟದ ಪ್ರಶ್ನೆಯೇ.

1983ರ ಸಭಾ ಕಾನೂನಿನ ಪ್ರಕಾರ ಲ್ಯಾಟಿನ್ ಕ್ರಮದವರಿಗೆ ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅಂದು ಒಂದು ಹೊತ್ತು ಮಾತ್ರ ಪೂರ್ತಿ ಊಟ, ಉಳಿದ ಹೊತ್ತು ಅಲ್ಪಾಹಾರ. ಇದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಮಾಂಸ ಬಿಡುವ ನಿಯಮ 14 ತುಂಬಿದ ಎಲ್ಲರಿಗೂ, ಆ ಎರಡು ದಿನವೂ ತಪಸ್ಸು ಕಾಲದ ಶುಕ್ರವಾರಗಳಲ್ಲೂ. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ಬಲವಂತವಿಲ್ಲ. ಹಿಂದೆ ಇದಕ್ಕಿಂತ ಬಹಳ ಬಿಗಿ ಇತ್ತು. 1966ರಲ್ಲಿ ಆರನೇ ಪೌಲ್ ಪೋಪರು ಸಡಿಲಿಸಿದರು.

ಈ ಕಾನೂನಿನಲ್ಲಿ ಮೀನು ಮಾಂಸವಲ್ಲ. ಯುರೋಪಿನಲ್ಲಿ ಬರೆದ ನಿಯಮ ಕುಂಬಳೆ, ಉಪ್ಪಳದಂಥ ಕಡಲೂರಿಗೆ ಬಂದಾಗ ಅರ್ಥವೇ ತಿರುಗಿಬಿಡುತ್ತದೆ. ಕೋಳಿ ಬಿಟ್ಟು ಅಂಜಲ್ ಕಾಯಿಸಿ ತಿಂದರೆ ಕಾನೂನು ಮುರಿದಂತಲ್ಲ, ಆದರೆ ಅದನ್ನು ತ್ಯಾಗ ಎನ್ನುವುದೂ ಕಷ್ಟ. ಇದು ಗೊತ್ತಿರುವುದರಿಂದಲೇ ಅನೇಕ ಮನೆಗಳಲ್ಲಿ ಶುಕ್ರವಾರ ಬಂಗುಡೆಯೂ ಇಲ್ಲ, ಗಂಜಿ ಚಟ್ನಿಯಲ್ಲೇ ಮುಗಿಸುತ್ತಾರೆ. ಸೀರೊ ಮಲಬಾರ್ ಸಂಪ್ರದಾಯ ಈ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು. ಐವತ್ತು ದಿನವೂ ಮಾಂಸ, ಮೀನು, ಮೊಟ್ಟೆ, ಹಾಲು ಬಿಡುವುದು ಅದರ ಹಳೆಯ ಪದ್ಧತಿ. ಈಗ ಎಲ್ಲರೂ ಎಲ್ಲವನ್ನೂ ಬಿಡುವುದಿಲ್ಲ. ಮಾಂಸವನ್ನಾದರೂ ಬಿಡುವವರು ಬಹಳ ಮಂದಿ.

ಊಟಕ್ಕಿಂತ ಮನೆಮಂದಿಗೆ ಹೆಚ್ಚು ಲಾಭವಾಗುವುದು ಕುಡಿತ ಬಿಟ್ಟಾಗ. ವರ್ಷವಿಡೀ ಯಾರ ಮಾತನ್ನೂ ಕೇಳದ ಗಂಡಸು ಈ ಆರೇಳು ವಾರ ಸಂಜೆ ನೇರ ಮನೆಗೆ ಬರುವುದುಂಟು. ಉಳಿದ ಹಣ ಬಡವರಿಗೆ ಹೋಗಬೇಕೆಂಬುದು ವ್ರತದ ನಿಯಮ. ಉಪವಾಸದಿಂದ ಉಳಿದದ್ದು ಮನೆಯ ಡಬ್ಬಿಯಲ್ಲೇ ಕುಳಿತರೆ ಅದು ಬರೀ ಉಳಿತಾಯ. ಈಸ್ಟರಿನ ರಾತ್ರಿಯೇ ಎಲ್ಲ ಬಡ್ಡಿಸಹಿತ ಮರಳುವುದೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಹದಿನಾಲ್ಕು ನಿಲುಗಡೆ

ಶುಕ್ರವಾರ ಸಂಜೆಯ 'ಶಿಲುಬೆಯ ಹಾದಿ' ಈ ಕಾಲದ ಅತ್ಯಂತ ಜನಪ್ರಿಯ ಪ್ರಾರ್ಥನೆ. ಕೊಂಕಣಿಯಲ್ಲಿ 'ಖುರ್ಸಾಚಿ ವಾಟ್', ಮಲಯಾಳದಲ್ಲಿ 'ಕುರಿಶಿಂಡೆ ವಳಿ'. ಯೇಸುವಿಗೆ ಮರಣದಂಡನೆ ವಿಧಿಸಿದಲ್ಲಿಂದ ಸಮಾಧಿಯವರೆಗೆ 14 ನಿಲುಗಡೆ. ಪವಿತ್ರ ನಾಡಿಗೆ ಹೋಗಲಾಗದವರು ತಮ್ಮೂರಿನಲ್ಲೇ ಆ ಹಾದಿ ನಡೆಯಲಿ ಎಂದು ಹುಟ್ಟಿದ ಕ್ರಮವಿದು. 14 ಎಂಬ ಸಂಖ್ಯೆ ನಿಗದಿಯಾದದ್ದು 1731ರಲ್ಲಿ, ಹನ್ನೆರಡನೇ ಕ್ಲೆಮೆಂಟ್ ಪೋಪರ ಕಾಲದಲ್ಲಿ. ಇಗರ್ಜಿಯ ಎರಡೂ ಗೋಡೆಗಳಲ್ಲಿ ಕಾಣುವ ಚಿತ್ರಗಳು ಇದಕ್ಕೇ. ಮಲೆಪ್ರದೇಶದವರಿಗೆ ಗುಡ್ಡವೇ ಇರುವುದರಿಂದ ಶಿಲುಬೆ ಹೊತ್ತು 'ಕುರಿಶುಮಲೆ' ಹತ್ತುತ್ತಾರೆ. 1890ರ ಬೇಳ ಇಗರ್ಜಿ ಮಗನ ಶಿಲುಬೆಯ ಬುಡದಲ್ಲಿ ನಿಂತ ಶೋಕಮಾತೆ ಮರಿಯಮ್ಮನವರಿಗೇ ಅರ್ಪಿತವಾದದ್ದು. ಅಲ್ಲಿ ಈ ಪ್ರಾರ್ಥನೆಗೆ ಬೇರೆಯದೇ ಒಂದು ತೂಕವಿದೆ.

ಇಲ್ಲಿ ಒಂದು ಚಿಂತೆಯ ಮಾತಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಬೇಳ, ಮಂಜೇಶ್ವರ ಭಾಗದ ಲ್ಯಾಟಿನ್ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಹೋಗಿ ಜನರ ಭಾಷೆ ಬಂದಾಗ ಇಲ್ಲಿ ಬಂದದ್ದು ಕೊಂಕಣಿ, ಅದೂ ಕನ್ನಡ ಲಿಪಿಯಲ್ಲಿ. ಪ್ರಾರ್ಥನೆ ಪುಸ್ತಕ, ಹಾಡಿನ ಪುಸ್ತಕ, ಮಂಗಳೂರಿನಿಂದ 1938ರಿಂದ ಬರುತ್ತಿರುವ 'ರಾಕ್ಣೊ' ವಾರಪತ್ರಿಕೆ, ಎಲ್ಲವೂ ಕನ್ನಡ ಅಕ್ಷರದಲ್ಲೇ. ಹಾಗಾಗಿ ಇಲ್ಲಿ ಕನ್ನಡ ಶಾಲೆಯ ಪ್ರಶ್ನೆ ಕನ್ನಡ ಮನೆಮಾತಿನವರದ್ದು ಮಾತ್ರವಲ್ಲ. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡ ಅಕ್ಷರ ಕಲಿಯದ ಮಗು ಮನೆಯಲ್ಲಿ ಕೊಂಕಣಿ ಚೆನ್ನಾಗಿ ಆಡಿದರೂ ಶಿಲುಬೆಯ ಹಾದಿಯ ಪುಸ್ತಕ ಕೈಗೆ ಕೊಟ್ಟರೆ ಓದಲಾರದು. ಅಜ್ಜಿಯ ಬಾಯಿಯಿಂದ ಕೇಳಿ ಕಲಿತಷ್ಟೇ ಅದರ ಪಾಲು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದ್ದರಲ್ಲಿ ಈ ನಷ್ಟದ ಬಗ್ಗೆ ಹೆಚ್ಚು ಮಾತು ಬರಲಿಲ್ಲ. ಬರಬೇಕಿತ್ತು.

ಪವಿತ್ರ ವಾರ

ತಪಸ್ಸು ಕಾಲದಲ್ಲಿ ಪೂಜಾವಸ್ತ್ರ ನೇರಳೆ ಬಣ್ಣದ್ದು. ಲ್ಯಾಟಿನ್ ಕ್ರಮದಲ್ಲಿ 'ಅಲ್ಲೆಲೂಯ' ಹಾಡುವುದಿಲ್ಲ, ಪೀಠಕ್ಕೆ ಹೂವಿನ ಅಲಂಕಾರವಿಲ್ಲ. ಮದುವೆಗಳನ್ನೂ ಸಾಮಾನ್ಯವಾಗಿ ಇಡುವುದಿಲ್ಲ. ಈಸ್ಟರ್ ಕಳೆದದ್ದೇ ಸಭಾಂಗಣಗಳಿಗೆ ಎಲ್ಲಿಲ್ಲದ ಬೇಡಿಕೆ.

ಗರಿಗಳ ಭಾನುವಾರದ ಹಿಂದಿನ ದಿನ ಸೀರೊ ಮಲಬಾರ್ ಮನೆಗಳಲ್ಲಿ 'ಕೊಳುಕ್ಕಟ್ಟ ಶನಿ'. ಅಕ್ಕಿಹಿಟ್ಟಿನ ಉಂಡೆಯೊಳಗೆ ತೆಂಗಿನಕಾಯಿ ಬೆಲ್ಲ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ, ನಮ್ಮ ಕಡುಬಿನ ಜಾತಿಯದ್ದೇ.

ಪವಿತ್ರ ಗುರುವಾರ ಯೇಸುವಿನ ಕೊನೆಯ ಭೋಜನದ ನೆನಪು. ಅಂದು ಧರ್ಮಗುರುಗಳು 12 ಮಂದಿಯ ಕಾಲು ತೊಳೆಯುತ್ತಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಹೆಂಗಸರನ್ನೂ ಸೇರಿಸಬಹುದೆಂದು ಲ್ಯಾಟಿನ್ ಕ್ರಮವನ್ನು ಬದಲಿಸಿದರು. ಸೀರೊ ಮಲಬಾರ್ ಸಭೆ ಗಂಡಸರದ್ದನ್ನೇ ತೊಳೆಯುವ ತನ್ನ ಪದ್ಧತಿ ಮುಂದುವರಿಸುವುದಾಗಿ 2017ರಲ್ಲಿ ತಿಳಿಸಿತು. ಈ ವ್ಯತ್ಯಾಸದ ಬಗ್ಗೆ ಎರಡೂ ಕಡೆಯ ಹೆಂಗಸರಿಗೆ ಹೇಳುವುದು ಬೇಕಾದಷ್ಟಿದೆ.

ಅಂದಿನ ರಾತ್ರಿ ಮಲಯಾಳಿ ಕ್ರೈಸ್ತರ ಮನೆಯೊಳಗೆ ನಡೆಯುವ 'ಪೆಸಹಾ' ಅನೇಕ ನೆರೆಯವರಿಗೆ ಗೊತ್ತಿಲ್ಲದ ಆಚರಣೆ. ಹುಳಿ ಬರಿಸದ ಹಿಟ್ಟಿನ ಅಪ್ಪ ಮಾಡಿ, ಭಾನುವಾರ ತಂದ ಗರಿಯಿಂದ ಪುಟ್ಟ ಶಿಲುಬೆ ಮಾಡಿ ಅದರ ಮೇಲಿಡುತ್ತಾರೆ. ತೆಂಗಿನ ಹಾಲು, ಬೆಲ್ಲ ಸೇರಿಸಿ 'ಪೆಸಹಾ ಪಾಲ್' ಕಾಯಿಸುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಮನೆಯ ಯಜಮಾನ ಅಪ್ಪವನ್ನು ಮುರಿದು ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರಿಗೂ ಕೊಡುತ್ತಾನೆ. ಆ ವರ್ಷ ಸಾವು ಆದ ಮನೆಯಲ್ಲಿ ಅಪ್ಪ ಮಾಡುವಂತಿಲ್ಲ. ಹಾಗೆಂದು ಆ ಮನೆಯವರು ಬರಿಗೈಯಲ್ಲಿ ಇರುವುದೂ ಇಲ್ಲ, ನೆರೆಹೊರೆಯವರು ನೆಂಟರು ತಮ್ಮದರಲ್ಲಿ ಪಾಲು ತಂದುಕೊಡುತ್ತಾರೆ.

ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ಯೊವಾನ್ನನ ಸುವಾರ್ತೆಯಿಂದ ಯೇಸುವಿನ ಯಾತನೆಯ ವಾಚನ, ಶಿಲುಬೆಗೆ ವಂದನೆ. ಗುರುವಾರ ಸಂಜೆ ನಿಂತ ಗಂಟೆ ಶನಿವಾರ ರಾತ್ರಿಯವರೆಗೆ ಬಾರಿಸುವುದಿಲ್ಲ, ಬದಲಿಗೆ ಮರದ ಹಲಗೆಯ ಸದ್ದು. ಮಲೆಪ್ರದೇಶದ ಇಗರ್ಜಿಗಳಲ್ಲಿ ಹಾಗಲಕಾಯಿಯ ಕಹಿನೀರು ಕುಡಿಸಿ, ಆಮೇಲೆ ಬಂದವರಿಗೆಲ್ಲ ಗಂಜಿ, ಹೆಸರುಕಾಳು ಪಲ್ಯ ಬಡಿಸುವುದುಂಟು. ಅಂದು ಕ್ರೈಸ್ತ ಗೆಳೆಯರಿಗೆ 'ಹ್ಯಾಪಿ ಗುಡ್ ಫ್ರೈಡೆ' ಎಂದು ಸಂದೇಶ ಕಳಿಸುವವರು ಗಮನಿಸಬೇಕು: ಅದು ಹಬ್ಬವಲ್ಲ, ಸಾವಿನ ದಿನ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯ ಪ್ರೊಟೆಸ್ಟಂಟರಿಗೆ ಆರಾಧನೆಯ ಭಾಷೆ ಕನ್ನಡವೇ. ಇವರಲ್ಲಿ ಆಹಾರದ ಕಟ್ಟಳೆ ಕಡಿಮೆ, ಬೈಬಲ್ ಧ್ಯಾನಕ್ಕೆ ಹೆಚ್ಚು ಒತ್ತು. ಶುಭ ಶುಕ್ರವಾರ ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಪ್ರಸಂಗ ನಡೆಯುತ್ತದೆ. ಪೆಂತೆಕೋಸ್ತರಲ್ಲಿ ಬಹುಪಾಲು ಜನ ತಪಸ್ಸು ಕಾಲ ಆಚರಿಸುವುದಿಲ್ಲ.

ದಿನ ಲೆಕ್ಕ ಹಾಕುವುದು ಹೇಗೆ

ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. ಸಭೆಯ ಕೋಷ್ಟಕದ ಈ ಹುಣ್ಣಿಮೆ ಪಂಚಾಂಗದ ಹುಣ್ಣಿಮೆಯಿಂದ ಒಮ್ಮೊಮ್ಮೆ ದಿನವೊಂದು ಹಿಂದೆ ಮುಂದೆ ಆಗುವುದುಂಟು. ಈಸ್ಟರ್ ಮಾರ್ಚ್ 22ಕ್ಕಿಂತ ಮೊದಲು, ಏಪ್ರಿಲ್ 25ರ ನಂತರ ಬರುವುದಿಲ್ಲ. ಅಲ್ಲಿಂದ 46 ದಿನ ಹಿಂದೆ ಎಣಿಸಿದರೆ ಬೂದಿ ಬುಧವಾರ, 48 ದಿನ ಹಿಂದೆ ಎಣಿಸಿದರೆ ಸೀರೊ ಮಲಬಾರಿನ ವಿಭೂತಿ ಸೋಮವಾರ. 2026ರಲ್ಲಿ ಇವು ಫೆಬ್ರವರಿ 18 ಮತ್ತು 16, ಈಸ್ಟರ್ ಏಪ್ರಿಲ್ 5. 2027ರಲ್ಲಿ ಫೆಬ್ರವರಿ 10 ಮತ್ತು 8, ಶುಭ ಶುಕ್ರವಾರ ಮಾರ್ಚ್ 26, ಈಸ್ಟರ್ ಮಾರ್ಚ್ 28.